ಕೇಳುವ ಕಟ್ಟೆ

ಬೇರೆ ಊರುಗಳಲ್ಲಿ ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳಿದರೆ ಅಪಶಕುನ, ಹೋದ ಕೆಲಸ ಕೆಡುತ್ತದೆ ಅಂತ ಮುಖ ಸಿಂಡರಿಸುತ್ತಾರೆ. ನಾನು ಹೇಳುತ್ತಿರುವ ಊರಿನಲ್ಲಿ ಕೇಳದಿದ್ದರೇ ಅಪಶಕುನ. ಶಕುನದ ಮಾತು ಹಾಗಿರಲಿ, ಕೇಳದಿದ್ದರೆ ಅಲ್ಲಿ ಗಾಲಿಯೇ ಉರುಳುತ್ತಿರಲಿಲ್ಲ. ಎತ್ತುಗಳು ಎಷ್ಟಾದರೂ ಜಗ್ಗಲಿ, ಓಣಿಯ ಗಂಡಸರೆಲ್ಲ ಹಿಂದೆ ನಿಂತು ನೂಕಲಿ, ಗಾಡಿಯಲ್ಲಿ ಕೂತವರು ಎಲ್ಲಿಗೆ ಹೊರಟಿದ್ದೇವೆ, ಯಾತಕ್ಕೆ ಹೊರಟಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಅದನ್ನು ಕಿವಿಗೊಟ್ಟು ಕೇಳಿಸಿಕೊಳ್ಳಬೇಕು. ಆಮೇಲೆಯೇ ಗಾಲಿ ಮುಂದಕ್ಕೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಊರಿನವರಂತೂ ಯಾರನ್ನೂ ನಂಬಿಸಲು ಹೋಗುತ್ತಿರಲಿಲ್ಲ. ತಮ್ಮ ಗಾಲಿಗಳ ಮೇಲೆ ಅವರಿಗೆ ಅಷ್ಟು ಜಂಬ.

ಅಲ್ಲಿ ದಾರಿಗೂ ಕಿವಿ ಇತ್ತು. ಹೇಳಿ ಹೊರಟವನಿಗೆ ದಾರಿ ಇದ್ದಷ್ಟೇ ಇರುತ್ತದೆ, ಹೇಳದೆ ಹೊರಟರೆ ಮುನಿಸಿಕೊಂಡು ಒಂದು ಗೇಣು ಉದ್ದವಾಗುತ್ತದೆ ಅಂತ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಹೇಳದೆ ಹೊರಡಲು ಗಾಲಿಯೇ ಒಪ್ಪದ, ನಡೆದು ಹೋಗುವವರೂ ಹೇಳಿಯೇ ಹೋಗುವ ಊರಿನಲ್ಲಿ ಈ ಮಾತನ್ನು ಪರೀಕ್ಷಿಸಿ ನೋಡುವ ಪ್ರಸಂಗ ಬಂದಿರಲಿಲ್ಲ. ಹೀಗಾಗಿ ದೊಡ್ಡವರು ಅದನ್ನು ಅಜ್ಜಿಕಥೆ ಎಂದು ಬಿಟ್ಟಿದ್ದರು.

ಊರಿಗೆ ಎರಡು ಓಣಿ, ಮೇಲಿನ ಓಣಿ ಮತ್ತು ಕೆಳಗಿನ ಓಣಿ. ನಡುವೆ ಕಲ್ಲಿನ ಅಗಸಿ ಬಾಗಿಲು. ಗಿರಣಿಗೆ ಹೋಗಲಿ, ಸಂತೆಗೆ ಹೋಗಲಿ, ಹೊಳೆಗೆ ಹೋಗಲಿ, ಮೇಲಿನ ಓಣಿಯವರು ಅಗಸಿಯ ಬಾಯಿಂದಲೇ ಹೋಗಬೇಕು. ಆ ಬಾಯಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಒಬ್ಬ ಹೆಂಗಸು. ಹೊರಟವರನ್ನು ಕೇಳುವುದೇ ಅವಳ ಕೆಲಸ, ಅದಕ್ಕೇ ಅವಳನ್ನು ಎಲ್ಲರೂ ಕೇಳವ್ವ ಎನ್ನುತ್ತಿದ್ದರು. ಅವಳ ಅತ್ತೆಯನ್ನೂ ಹಾಗೇ ಅನ್ನುತ್ತಿದ್ದರು, ಅತ್ತೆಯ ಅತ್ತೆಯನ್ನೂ ಹಾಗೇ.

ಬೆಳಗಾದರೆ ಊರಗಾಡಿ ಬಂದು ಕಟ್ಟೆಯ ಮುಂದೆ ನಿಲ್ಲುತ್ತಿತ್ತು. ಉದ್ದನೆಯ ಗಾಡಿ, ಮುಂದೆ ಎರಡು ಜೋಡಿ ಎತ್ತು, ಮೂಕಿಯ ಮೇಲೆ ಗಾಡಿಕಾರ. ಊರಿಗೆಲ್ಲ ಸೇರಿದ ಗಾಡಿ ಅದು, ಯಾರೊಬ್ಬರದೂ ಅಲ್ಲ. ಕೇಳವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಒಬ್ಬೊಬ್ಬರನ್ನೇ ನೋಡಿ ಕೇಳುತ್ತಿದ್ದಳು.

"ಎಲ್ಲಿಗೆ?"

"ಗಿರಣಿಗೆ."

"ಯಾತಕ್ಕ?"

"ಜ್ವಾಳ ಬೀಸಿಸಾಕ."

"ಹೋಗಿ ಬರ್ರಿ."

ಹೇಳಿದ್ದು ಅವಳೊಬ್ಬಳಿಗೇ ಕೇಳಿಸುತ್ತಿತ್ತೇ? ಅಗಸಿಯಲ್ಲಿ ನಿಂತವರಿಗೆಲ್ಲ ಕೇಳಿಸುತ್ತಿತ್ತು. ಹೆಂಗೂ ಗಿರಣಿಗೆ ಹೊಂಟೀರಿ, ನಮ್ಮದೊಂದು ಚೀಲ ಒಯ್ಯಿರಿ ಅಂತ ಒಬ್ಬಾಕೆ ಒಳಗಿನಿಂದ ಓಡಿ ಬರುತ್ತಿದ್ದಳು. ಹೊಳೆಗೆ ಹೊರಟವಳ ತಲೆಯ ಮೇಲೆ ಪಕ್ಕದ ಮನೆಯ ಬಟ್ಟೆಗಂಟು ಏರುತ್ತಿತ್ತು. ಸಂತೆಗೆ ಹೊರಟವನ ಜೇಬಿಗೆ ಓಣಿಯ ಉಪ್ಪು, ಬೆಲ್ಲ, ಹೊಗೆಸೊಪ್ಪಿನ ಕಾಸೆಲ್ಲ ಬೀಳುತ್ತಿತ್ತು. ಒಬ್ಬ ಹೋಗಿ ಬಂದರೆ ಓಣಿಯೇ ಹೋಗಿ ಬಂದ ಹಾಗೆ. ಅರ್ಧ ಊರಿಗೆ ಹೊರಗೆ ಕಾಲಿಡುವ ಅವಶ್ಯಕತೆಯೇ ಇರುತ್ತಿರಲಿಲ್ಲ, ಆದರೂ ಎಲ್ಲರ ಕೆಲಸವೂ ಆಗುತ್ತಿತ್ತು. ಒಬ್ಬೊಬ್ಬರು ಹೇಳಿ ಮುಗಿಸಿದಾಗಲೂ ಗಾಲಿ ತನ್ನಷ್ಟಕ್ಕೇ ಒಂದು ಸಲ ಕಿರ್ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಕೇಳವ್ವನ ಎದೆ ಉಬ್ಬುತ್ತಿತ್ತು. ಊರಿನ ಗಾಲಿಗಳೆಲ್ಲ ತನ್ನ ಬಾಯಿಂದಲೇ ಉರುಳುತ್ತವೆ ಎಂದುಕೊಂಡಿದ್ದಳು, ಅದು ಸುಳ್ಳೂ ಆಗಿರಲಿಲ್ಲ.

ಇಷ್ಟೆಲ್ಲ ಇದ್ದರೂ ಕೇಳವ್ವ ಮಾತ್ರ ಅಗಸಿ ದಾಟಿದವಳಲ್ಲ. ಅವಳು ಮೇಲಿನ ಓಣಿಯಲ್ಲೇ ಹುಟ್ಟಿ ಮೇಲಿನ ಓಣಿಗೇ ಸೊಸೆಯಾದವಳು. ಎಲ್ಲರನ್ನೂ ಅವಳು ಕೇಳುತ್ತಾಳೆ, ಅವಳನ್ನು ಯಾರು ಕೇಳಬೇಕು? ಕೇಳಬಾರದು ಅಂತೇನಿರಲಿಲ್ಲ. ಆದರೆ ಕೇಳವ್ವನನ್ನು ಕೇಳಿದವರು ಅವಳು ತಿರುಗಿ ಬರುವ ತನಕ ಕಟ್ಟೆಯ ಮೇಲೆ ಕೂತು ಊರನ್ನು ಕೇಳಬೇಕು ಎಂಬ ಕಟ್ಟಳೆ ಇತ್ತು. ಬಿಸಿಲಲ್ಲಿ, ಧೂಳಲ್ಲಿ, ತನ್ನ ಕೆಲಸ ಬಿಟ್ಟು ಯಾರು ಕೂರುತ್ತಾರೆ? ಯಾರೂ ಕೇಳಲಿಲ್ಲ. ಕೇಳಿ ಅಂತ ಅಂಗಲಾಚುವುದು ಕೇಳವ್ವಂದಿರ ವಂಶದಲ್ಲೇ ಇರಲಿಲ್ಲ. ಅವಳ ಅತ್ತೆ ಹೊಳೆಯ ಸುದ್ದಿ ದಿನಾ ಕೇಳುತ್ತಿದ್ದಳು, ಹೊಳೆ ನೋಡದೆಯೇ ಕಣ್ಣು ಮುಚ್ಚಿದಳು.

ಕೇಳವ್ವನಿಗೆ ಒಬ್ಬಳೇ ಮಗಳು. ಅವಳನ್ನು ಕೆಳಗಿನ ಓಣಿಗೆ ಕೊಟ್ಟಿತ್ತು. ಕೊಡುವಾಗ ಕೇಳವ್ವ ಒಂದೇ ಒಂದು ಲೆಕ್ಕ ಹಾಕಿದ್ದಳು, ನನ್ನ ಒಲೆಯಿಂದ ಇಳಿಸಿದ ರೊಟ್ಟಿ ಆ ಮನೆಗೆ ಬಿಸಿಯಾಗಿಯೇ ಮುಟ್ಟುತ್ತದೋ ಇಲ್ಲವೋ ಅಂತ. ಮುಟ್ಟುತ್ತಿತ್ತು. ದಿನಾ ಬೆಳಿಗ್ಗೆ ರೊಟ್ಟಿ ಬಡಿದು, ಅರಿವೆಯಲ್ಲಿ ಸುತ್ತಿ ಗಾಡಿಕಾರನ ಕೈಗೆ ಕೊಟ್ಟರೆ, ಅಲ್ಲಿ ಅರಿವೆ ಬಿಚ್ಚುವಾಗ ಹಬೆ ಏಳುತ್ತಿತ್ತು. ರೊಟ್ಟಿ ಬಿಸಿ ಐತಿ ಅಂತ ಮಗಳು ಗಾಡಿಕಾರನ ಹತ್ತಿರವೇ ಹೇಳಿ ಕಳಿಸುತ್ತಿದ್ದಳು. ಆ ಮಾತು ಬಂದ ಮೇಲೆಯೇ ಕೇಳವ್ವ ತಾನು ಉಣ್ಣಲು ಕೂರುತ್ತಿದ್ದಳು.

ಇನ್ನು ದಾರಿ ಯಜಮಾನನ ಮಾತಿಗೆ ಬರೋಣ. ಊರಿನ ದಾರಿಗಳನ್ನು ನೋಡಿಕೊಳ್ಳಲು ಹಿರಿಯರು ನೇಮಿಸಿದ ಮನುಷ್ಯ ಅವನು. ಕೆಟ್ಟವನಲ್ಲ, ಕೆಲಸಗಳ್ಳನೂ ಅಲ್ಲ. ಆದರೆ ಅವನ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು. ಹರೆಯದಲ್ಲಿ ಒಂದು ದಿನ ಹೊಸ ರುಮಾಲು ಸುತ್ತಿಕೊಂಡು ಊರಗಾಡಿ ಹತ್ತಿದ್ದ. ಎಲ್ಲಿಗೆ ಅಂತ ಕೇಳವ್ವ ಕೇಳಿದ್ದಳು. ಕೆಳಗಿನ ಓಣಿಗೆ ಅಂದ. ಯಾತಕ್ಕ? ಅವನು ಬಾಯೊಳಗೇ ಏನೋ ಅಂದ, ಗಾಲಿ ಅಲುಗಲಿಲ್ಲ. ಕೇಳವ್ವನ ಗಂಟಲೋ, ಅಗಸಿಯ ಗಂಟೆ. ಯಾತಕ್ಕ ಅಂತ ಇನ್ನೊಮ್ಮೆ ಕೇಳಿದಳು. ಹೆಣ್ಣು ಕೇಳಾಕ ಅಂದ. ಅಗಸಿಗೆ ಅಗಸಿಯೇ ಕಿವಿ ನೆಟ್ಟಗೆ ಮಾಡಿತು. ಹೋದ, ಆ ಮನೆಯವರು ಒಲ್ಲೆವು ಅಂದರು, ಅದೇ ಗಾಡಿಯಲ್ಲಿ ಅದೇ ರುಮಾಲಿನಲ್ಲಿ ತಿರುಗಿ ಬಂದ. ಅಗಸಿಯಲ್ಲಿ ಕಾಯುತ್ತಿದ್ದವರಲ್ಲಿ ಯಾರೋ ಒಬ್ಬರು ಕಿಸಕ್ ಎಂದು ನಕ್ಕರು. ಒಬ್ಬರು ನಕ್ಕ ಮೇಲೆ ಕೇಳಬೇಕೆ? ಆ ನಗೆ ಅವನ ಕಿವಿಯಿಂದ ಇಳಿಯಲೇ ಇಲ್ಲ.

ಯಜಮಾನಿಕೆ ಕೈಗೆ ಬಂದ ಮೇಲೆ ಅವನು ಎಲ್ಲೋ ದೂರದ ಕಾಡಿನಿಂದ ಒಂದು ಮರ ತರಿಸಿದ. ಗಾಳಿ ಬೀಸಿದರೂ ಸದ್ದು ಮಾಡದ ಮರ, ಹಕ್ಕಿ ಕೂಗಿದರೂ ಎಲೆ ಅಲುಗಿಸದ ಮರ. ಬಡಿಗ ಅದನ್ನು ಬೆರಳಿನಿಂದ ತಟ್ಟಿ ನೋಡಿ, ಇದು ಕಿವುಡು ಮರ ಎಂದ. ಅದರಿಂದ ಗಾಲಿ ಮಾಡಿದರು. ಆ ಗಾಲಿ ಯಾರನ್ನೂ ಕಾಯಲಿಲ್ಲ, ಹೇಳಿದರೂ ಉರುಳಿತು, ಹೇಳದಿದ್ದರೂ ಉರುಳಿತು. ಅದರ ಮೇಲೆ ಒಬ್ಬರು ಕೂರುವಷ್ಟು ಪೆಟ್ಟಿಗೆ, ಪೆಟ್ಟಿಗೆಗೆ ಸುತ್ತಲೂ ಪರದೆ, ಮುಂದೆ ಒಂದು ಎತ್ತು. ಅದಕ್ಕೆ ಊರವರು ಕಿವುಡುಗಾಡಿ ಅಂತ ಹೆಸರಿಟ್ಟರು, ಇಟ್ಟು ಮುಗಿಬಿದ್ದರು.

ಸುಳ್ಳು ಯಾಕೆ ಹೇಳಲಿ, ಜನರಿಗೆ ಹಾಯೆನಿಸಿತು. ಗಂಡನ ಜೊತೆ ಜಗಳಾಡಿ ತವರಿಗೆ ಹೊರಟವಳಿಗೆ ಅದನ್ನು ಅಗಸಿಯಲ್ಲಿ ಸಾರಬೇಕಾಗಲಿಲ್ಲ. ಬಳೆ ಒತ್ತೆಯಿಡಲು ಹೊರಟವನು ಪರದೆ ಇಳಿಬಿಟ್ಟು ತಲೆ ಎತ್ತಿಕೊಂಡೇ ಹೋದ. ಎಲ್ಲಿಗೆ ಅಂತ ಕೇಳುವವರಿಲ್ಲ, ಯಾತಕ್ಕೆ ಅಂತ ಕೆದಕುವವರಿಲ್ಲ, ಉಪ್ಪು ತಾ ಬೆಲ್ಲ ತಾ ಅಂತ ಗಂಟು ಬೀಳುವವರಿಲ್ಲ. ಯಜಮಾನ ಡಂಗುರ ಹೊಡೆಸಿದ. ಇನ್ನು ಮೇಲೆ ದಾರಿಯ ನಡುಭಾಗ ಕಿವುಡುಗಾಡಿಗೆ, ಮಗ್ಗುಲು ಊರಗಾಡಿಗೆ, ನಡೆಯುವವರಿಗೆ ಉಳಿದ ಜಾಗ. ಉಳಿದ ಜಾಗ ಅಂದರೆ ಚರಂಡಿಯ ದಂಡೆ.

ಕೇಳವ್ವ ಕಟ್ಟೆ ಬಿಡಲಿಲ್ಲ. ಮೊದಲನೆಯ ಕಿವುಡುಗಾಡಿ ಅಗಸಿಗೆ ಬಂದಾಗ, ಎಲ್ಲಿಗೆ ಅಂತ ಕೇಳಿದಳು. ಪರದೆ ಅಲುಗಲಿಲ್ಲ, ಗಾಡಿ ಹೋಯಿತು. ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಮುಂದಿನ ಗಾಡಿಯನ್ನು ಅವಳು ಕೇಳಲಿಲ್ಲ. ನಿಲ್ಲದವರ ಬೆನ್ನಿಗೆ ಬಿದ್ದು ಕೇಳುವಷ್ಟು ಅಗ್ಗವಾಗಿಲ್ಲ ನನ್ನ ಮಾತು ಅಂತ ಗಾಡಿಕಾರನ ಮುಂದೆ ಅಂದಳು. ಅಂದಿನಿಂದ ಪರದೆಯ ಗಾಡಿ ಬಂದರೆ ಮುಖ ಬೇರೆ ಕಡೆ ತಿರುಗಿಸಿ, ಕತ್ತು ನೆಟ್ಟಗೆ ಮಾಡಿ ಕೂತುಬಿಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಗಾಡಿಕಾರ ಮಗಳ ಮನೆಯಿಂದ ತಿರುಗಿ ಬಂದು, ರೊಟ್ಟಿ ಬೆಚ್ಚಗಿತ್ತಂತೆ ಎಂದ. ಬಿಸಿ ಅಲ್ಲವೇನು ಅಂತ ಕೇಳವ್ವ ಕೇಳಿದಳು. ಬೆಚ್ಚಗೆ ಅಂದರು ಎಂದ. ಅವಳು ಅರಿವೆ ತೆಳುವಾಗಿರಬೇಕು ಎಂದುಕೊಂಡು ಎರಡು ಪದರ ಸುತ್ತಿದಳು. ಕೆಲವು ದಿನಕ್ಕೆ ರೊಟ್ಟಿ ತಣ್ಣಗಿತ್ತು ಎಂದ. ಆಮೇಲೆ ಒಂದು ದಿನ ಬಿರುಸಾಗಿತ್ತು, ಮುರಿದರೆ ಹಪ್ಪಳದ ಹಾಗೆ ಸದ್ದು ಬಂತು ಎಂದ. ಹೇಳುವಾಗ ಅವನ ಮುಖ ಸಪ್ಪಗಿತ್ತು.

ದಾರಿ ಉದ್ದವಾಗಿತ್ತು. ಹೇಳದೆ ಹೋದ ಒಂದೊಂದು ಗಾಡಿಗೂ ಒಂದೊಂದು ಗೇಣು. ಬೆಳಿಗ್ಗೆ ಗಿರಣಿಗೆ ಹೋದವರು ಬೆಳಿಗ್ಗೆಯೇ ಬರುತ್ತಿದ್ದ ಊರಿನಲ್ಲಿ ಈಗ ಬುತ್ತಿ ಕಟ್ಟಿಕೊಂಡು ಗಿರಣಿಗೆ ಹೋಗತೊಡಗಿದರು. ಹೊಳೆ ದಿಗಂತದ ಕಡೆ ಸರಿಯಿತು. ಅಗಸಿಯಿಂದ ಕೂಗಿದರೆ ಓ ಎನ್ನುತ್ತಿದ್ದ ಕೆಳಗಿನ ಓಣಿ ಈಗ ಕಣ್ಣಿಗೆ ಕೈ ಅಡ್ಡ ಹಿಡಿದರೂ ಕಾಣುತ್ತಿರಲಿಲ್ಲ. ಊರಗಾಡಿ ಅಲ್ಲಿಯ ತನಕ ಹೋಗುವುದೂ ನಿಂತಿತು, ಅದರ ಜೊತೆ ರೊಟ್ಟಿಯೂ, ಸುದ್ದಿಯೂ. ಅಜ್ಜಿಯರು ಗೊಣಗಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಜಮಾನನಿಗೂ ದಾರಿ ಉದ್ದವಾದದ್ದು ಕಾಣಿಸಿತು, ಕಾಣದೆ ಏನು? ದೂರ ಜಾಸ್ತಿಯಾಗಿದೆ, ಅದಕ್ಕೇ ಇನ್ನಷ್ಟು ಕಿವುಡುಗಾಡಿ ಬೇಕು ಎಂದ. ಗಾಡಿ ಜಾಸ್ತಿಯಾದವು. ಗಾಡಿ ಜಾಸ್ತಿಯಾದವು, ಅದಕ್ಕೇ ದಾರಿ ಅಗಲವಾಗಬೇಕು ಎಂದ. ಮನೆಗಳ ಮುಂದಿನ ಜಗಲಿಗಳು ಹೋದವು. ಸಂಜೆ ಕೂತು ಕಾಳು ಆರಿಸುತ್ತಿದ್ದ ಹೆಂಗಸರು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು, ಬಾಗಿಲು ಹಾಕಿಕೊಂಡರು. ಬಾಗಿಲು ತೆರೆದರೆ ನೇರ ಗಾಲಿ.

ಅಗಲ ಮಾಡಲು ಬಾರದ್ದು ಅಗಸಿಯೊಂದೇ. ದಿನಾ ಬೆಳಿಗ್ಗೆ ಅದರ ಬಾಯಲ್ಲಿ ಕಿವುಡುಗಾಡಿಗಳು ಒಂದರ ಹಿಂದೆ ಒಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಒಂದರಲ್ಲಿ ಒಂದು ಸೇರು ಜೋಳ ಇಟ್ಟುಕೊಂಡು ಗಿರಣಿಗೆ ಹೊರಟವನು, ಅದರ ಹಿಂದಿನದರಲ್ಲೂ ಒಂದು ಸೇರು ಜೋಳ, ಅದರ ಹಿಂದಿನದರಲ್ಲೂ. ಪರದೆ ಇದ್ದದ್ದರಿಂದ ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಮುಂದಿನವನು ಯಾವ ಮಹಾಕಾರ್ಯಕ್ಕೆ ಹೊರಟಿದ್ದಾನೋ ಅಂತ ಹಿಂದಿನವನು ಹಲ್ಲು ಕಡಿಯುತ್ತಿದ್ದ. ಊರಗಾಡಿಯಲ್ಲಿ ಈಗ ಕೂರುತ್ತಿದ್ದವರು ಬೆರಳೆಣಿಕೆಯ ಮಂದಿ. ಕೇಳವ್ವ ಅವರನ್ನು ಕೇಳುವ ಧಾಟಿ ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ. ತುಂಬಿದ ಗಾಡಿಯನ್ನು ಹೇಗೆ ಕೇಳುತ್ತಿದ್ದಳೋ ಹಾಗೇ ಕೇಳುತ್ತಿದ್ದಳು.

ಕೊನೆಗೆ ಯಜಮಾನನ ಕಣ್ಣು ಕಟ್ಟೆಯ ಮೇಲೆ ಬಿತ್ತು. ಅದನ್ನು ಕಿತ್ತರೆ ಅಗಸಿಯಲ್ಲಿ ಇನ್ನೊಂದು ಗಾಡಿಯ ಜಾಗ ಆಗುತ್ತದೆ. ಬರುವ ಸಂತೆಯ ದಿನ ಕಟ್ಟೆ ಒಡೆಯುತ್ತೇವೆ, ಊರಗಾಡಿಯನ್ನೂ ಅಂದಿಗೇ ಬಿಚ್ಚಿ ಕಟ್ಟಿಗೆಗೆ ಹಾಕುತ್ತೇವೆ ಅಂತ ಡಂಗುರ ಆಯಿತು. ಡಂಗುರದವನು ಕೇಳವ್ವನ ಎದುರಿಗೇ ನಿಂತು ಹೊಡೆದ. ಅವಳು ಹುಬ್ಬು ಕೂಡ ಏರಿಸಲಿಲ್ಲ. ಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಹೊಗೆಗೆ ಅಂದರೂ ಆದೀತು, ಆದರೆ ಒಲೆ ಇನ್ನೂ ಹಚ್ಚಿರಲಿಲ್ಲ.

ಮರುದಿನ ಕೆಳಗಿನ ಓಣಿಯಿಂದ ಬಳೆಗಾರ ನಡೆದು ಬಂದ. ಅವನ ಕಾಲಿನ ಕೆರ ಸವೆದು ಹೋಗಿದ್ದವು. ಮಗಳಿಗೆ ಹೆರಿಗೆಯಾಗಿದೆ, ಹೆಣ್ಣು ಕೂಸು, ಸುದ್ದಿ ಹೇಳಲು ಅಂದೇ ಹೊರಟೆ, ದಾರಿ ಮುಗಿಯಬೇಕಲ್ಲ ತಾಯಿ, ಇಷ್ಟು ಹೊತ್ತಿಗೆ ಕೂಸು ನಗುವುದನ್ನೂ ಕಲಿತಿರಬೇಕು ಎಂದ. ಕೂಸಿಗೆ ಸದ್ಯಕ್ಕೆ ಹೆಸರಿಡುವುದಿಲ್ಲವಂತೆ. ಯಾಕೆ ಇಡುವುದಿಲ್ಲ ಅಂತ ಕೇಳವ್ವ ಕೇಳಿದಳು. ಬಳೆಗಾರ ಹೆಗಲಿನ ಬಳೆಯ ಮಲಾರ ಇಳಿಸಿ, ಮಗಳು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದ.

"ನಮ್ಮವ್ವ ಬಿಸಿ ರೊಟ್ಟಿ ತಗೊಂಡು ಬರಬೇಕು, ಆಮ್ಯಾಲೆ ಹೆಸರು. ಇಷ್ಟು ವರ್ಷ ಆಕಿ ಎಲ್ಲಾರನ್ನೂ ಕೇಳ್ಯಾಳ. ಈಗ ಯಾರಾದರೂ ಆಕಿನ್ನ ಕೇಳಲಿ."

ಕೇಳವ್ವ ಬಳೆಗಾರನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಆಮೇಲೆ ಆ ಮಾತು ಅವಳ ತಲೆಯಲ್ಲಿ ತಿರುಗಿದ್ದೇ ತಿರುಗಿದ್ದು. ಅಗಸಿ ದಾಟದೆ ಸತ್ತ ಅತ್ತೆ ನೆನಪಾದಳು. ಕಟ್ಟೆಯೇ ಹೋಗುವುದಾದರೆ ಕಟ್ಟೆಗೆ ಕಟ್ಟಿದ ಬಾಳೂ ಹೋಗುತ್ತದೆ. ಹೋಗುವ ಮುಂಚೆ ಒಂದು ಸಲ ನಾನೂ ಹೊರಡುತ್ತೇನೆ, ಕೂಸಿನ ಮುಖ ನೋಡುತ್ತೇನೆ, ಕೇಳಿದರೆ ಕೇಳಲಿ, ಕೇಳದಿದ್ದರೆ ಈ ಊರು ಎಂಥದು ಅಂತ ಅದಾದರೂ ಗೊತ್ತಾಗಲಿ ಎಂದುಕೊಂಡಳು. ಅವಳಿಗೆ ಸಿಟ್ಟು ಬಂದಿತ್ತು, ಭಯವೂ ಆಗಿತ್ತು.

ಸಂತೆಯ ದಿನ ಬೆಳಿಗ್ಗೆ ಎದ್ದು ರೊಟ್ಟಿ ಬಡಿದಳು. ಒಂದೊಂದನ್ನೂ ಹಂಚಿನ ಮೇಲೆ ಉಬ್ಬಿಸಿ, ಅರಿವೆಯಲ್ಲಿ ಸುತ್ತಿ, ಮೇಲೊಂದು ಕಂಬಳಿ ತುಂಡು ಸುತ್ತಿದಳು. ಮದುವೆಯ ಸೀರೆ ಉಟ್ಟಳು. ಗಂಟನ್ನು ಎದೆಗೆ ಅವಚಿಕೊಂಡು ಅಗಸಿಗೆ ಬಂದಳು. ಕಟ್ಟೆ ಹತ್ತಲಿಲ್ಲ. ಊರಗಾಡಿ ಹತ್ತಿ ಮುಂದಿನ ಹಲಗೆಯ ಮೇಲೆ ಕೂತಳು.

ಗಾಡಿಕಾರನ ಕೈಯಿಂದ ಬಾರುಕೋಲು ಜಾರಿತು. ಗಾಡಿಯಲ್ಲಿದ್ದ ನಾಲ್ಕಾರು ಮಂದಿ ಮುಖ ಮುಖ ನೋಡಿಕೊಂಡರು. ಇವಳನ್ನು ಕೇಳಿದವರು ಕಟ್ಟೆಯ ಮೇಲೆ ಕೂರಬೇಕು. ಒಬ್ಬಳಿಗೆ ಮನೆಯಲ್ಲಿ ಹಾಲು ಕುಡಿಯುವ ಮಗು, ಒಬ್ಬನಿಗೆ ಸಂತೆಯಲ್ಲಿ ಮಾರಬೇಕಾದ ಕುರಿ. ಗಾಡಿಕಾರ ಕಟ್ಟೆಯ ಮೇಲೆ ಕೂತರೆ ಗಾಡಿ ಹೊಡೆಯುವವರಾರು? ಎತ್ತುಗಳು ಜಗ್ಗಿದವು. ಗಾಲಿ ಅಲುಗಲಿಲ್ಲ. ಕೇಳವ್ವ ಯಾರ ಮುಖವನ್ನೂ ನೋಡಲಿಲ್ಲ. ಕೇಳಿ ಅಂತ ಕಣ್ಣಿನಲ್ಲೂ ಅನ್ನಲಿಲ್ಲ. ಕತ್ತು ನೆಟ್ಟಗೆ ಮಾಡಿ ಕೂತಳು. ತೊಡೆಯ ಮೇಲಿನ ಗಂಟು ಬಿಸಿಯಾಗಿತ್ತು, ಇನ್ನೆಷ್ಟು ಹೊತ್ತು ಅಂತ ಅವಳಿಗೆ ಗೊತ್ತಿತ್ತು.

ಊರಗಾಡಿ ಅಗಸಿಯ ಬಾಯಲ್ಲೇ ನಿಂತದ್ದರಿಂದ ಹಿಂದೆ ಕಿವುಡುಗಾಡಿಗಳು ಕೂಡಿದವು. ಮೇಲಿನ ಓಣಿಯ ತುದಿಯ ತನಕ ಸಾಲು ಬೆಳೆಯಿತು. ಪರದೆಗಳ ಒಳಗಿನಿಂದ ಬೈಗುಳ ಬಂದವು. ಅಷ್ಟರಲ್ಲಿ ಹಾರೆ ಹಿಡಿದ ಆಳುಗಳನ್ನೂ ಬಡಿಗನನ್ನೂ ಕರೆದುಕೊಂಡು ಯಜಮಾನ ಬಂದ. ತನ್ನ ಕಿವುಡುಗಾಡಿಯಿಂದ ಇಳಿದು, ಕಟ್ಟೆ ಖಾಲಿ ಇರುವುದನ್ನು ನೋಡಿದ. ಆಮೇಲೆ ಗಾಡಿಯಲ್ಲಿ ಕೂತವಳನ್ನು ನೋಡಿದ. ನೂಕಿ ಎಂದ. ಆಳುಗಳು ಹಾರೆ ಒಗೆದು ನೂಕಿದರು, ಸಾಲಿನಲ್ಲಿದ್ದ ಗಂಡಸರೂ ಬಂದು ಹೆಗಲು ಕೊಟ್ಟರು. ಬೆವರು ಸುರಿಯಿತೇ ಹೊರತು ಗಾಲಿ ಕದಲಲಿಲ್ಲ.

ಬಡಿಗ ಬಗ್ಗಿ ನೋಡಿ ಒಂದು ಉಪಾಯ ಹೇಳಿದ. ಈ ಗಾಲಿ ಬಿಚ್ಚಿ ಕಿವುಡು ಗಾಲಿ ಹಾಕಿದರೆ ಆಯಿತು, ಅಕ್ಕನೂ ಮಗಳ ಮನೆ ಮುಟ್ಟುತ್ತಾಳೆ, ದಾರಿಯೂ ತೆರವಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆಗ ಕೇಳವ್ವ ಮೊದಲ ಸಲ ಬಾಯಿ ತೆರೆದಳು.

"ಈ ಗಾಡ್ಯಾಗ ಒಬ್ಬರನ್ನೂ ಕೇಳದ ಕಳಿಸಿಲ್ಲ ನಾ. ನಾನೇ ಮೂಗಿ ಆಗಿ ಹೋಗಲೇನು? ರೊಟ್ಟಿ ಆರಿದರ ಆರಲಿ."

ಹಾಗೆ ಅಂದಳು ನಿಜ. ಅಂದ ಮೇಲೆ ಗಂಟನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು. ಅದು ಆರುವುದು ಬೇಡವಾಗಿತ್ತು ಅವಳಿಗೆ, ಎದೆಯ ಬಿಸಿಯನ್ನೆಲ್ಲ ಅದಕ್ಕೇ ಕೊಟ್ಟು ಕೂತಿದ್ದಳು. ಹಾಗೆ ಒತ್ತಿದಾಗ ಅರಿವೆಯ ಸಂದಿಯಿಂದ ಸುಟ್ಟ ಜೋಳದ ವಾಸನೆ ಹೊರಗೆ ಬಂತು. ಗಾಡಿಯ ಪಕ್ಕದಲ್ಲೇ ನಿಂತಿದ್ದ ಯಜಮಾನನ ಮೂಗಿಗೆ ಅದು ಬಡಿಯಿತು.

ಅವನು ಅಲ್ಲೇ ನಿಂತುಬಿಟ್ಟ. ಆ ದಿನ ಹೊಸ ರುಮಾಲಿನಲ್ಲಿ ತಿರುಗಿ ಬಂದಾಗ ಅಗಸಿ ನಕ್ಕಿತ್ತಲ್ಲ, ಆ ನಗೆಯ ನಡುವೆ ಒಂದು ಕೈ ಅವನ ತೋಳು ಹಿಡಿದು ಕಟ್ಟೆಯ ಹಿಂದಕ್ಕೆ ಎಳೆದಿತ್ತು. ಆ ಕೈ ಏನನ್ನೂ ಕೇಳದೆ, ಏನನ್ನೂ ಹೇಳದೆ ಅವನ ಅಂಗೈ ಮೇಲೆ ಒಂದು ಬಿಸಿ ರೊಟ್ಟಿ ಇಟ್ಟಿತ್ತು. ಕಟ್ಟೆಯ ಮರೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅವನು ಅದನ್ನು ತಿಂದಿದ್ದ. ನಗೆಯನ್ನು ಇಷ್ಟು ವರ್ಷ ನೆನಪಿಟ್ಟುಕೊಂಡವನು ರೊಟ್ಟಿಯನ್ನು ಹೇಗೆ ಮರೆತೆ ಅಂತ ಅವನಿಗೇ ನಾಚಿಕೆಯಾಯಿತು. ಆ ನಾಚಿಕೆಗೆ ಅವನ ಕಿವಿ ಕೆಂಪಾಯಿತು.

ಅವನು ಗಾಡಿಯ ಹಲಗೆಯ ಮೇಲೆ ಕೈಯಿಟ್ಟು ಬಗ್ಗಿದ. ಅವಳೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ ಕೇಳಿದ.

"ಎಲ್ಲಿಗೆ ಹೊಂಟೀಯಕ್ಕ?"

ಊರನ್ನೆಲ್ಲ ಕೇಳಿದ ಗಂಟಲು ಕೇಳವ್ವನದು, ಉತ್ತರ ಕೊಟ್ಟು ಅಭ್ಯಾಸವೇ ಇರಲಿಲ್ಲ. ಅವನು ಅಷ್ಟು ಮೆಲ್ಲಗೆ ಕೇಳಿದ್ದು ಅವಳಿಗೆ ತಾಗಿತು. ಹೀಗೂ ಕೇಳಬಹುದಿತ್ತು, ಅವತ್ತು ಈ ಹುಡುಗನನ್ನು ಹೀಗೇ ಕೇಳಬಹುದಿತ್ತು ಅಂತ ಮನಸ್ಸಿಗೆ ಚುಚ್ಚಿತು. ಆದರೂ ತನ್ನ ಉತ್ತರವನ್ನು ಅವಳು ಮೆಲ್ಲಗೆ ಹೇಳಲಿಲ್ಲ. ತನ್ನದು ತಾನೇ, ಊರಿಗೆಲ್ಲ ಕೇಳಲಿ ಎಂದುಕೊಂಡಳು.

"ಮಗಳ ಮನಿಗೆ."

"ಯಾತಕ್ಕ?"

"ಮೊಮ್ಮಗಳಿಗೆ ಹೆಸರಿಡಾಕ. ಬಿಸಿ ರೊಟ್ಟಿ ಕೊಡಾಕ."

"ಹೋಗಿ ಬಾರಕ್ಕ."

ಗಾಲಿ ಕಿರ್ ಎಂದಿತು. ಆ ಸದ್ದಿಗೆ ಸಾಲಿನ ಪರದೆಗಳೆಲ್ಲ ಒಂದೊಂದಾಗಿ ಸರಿದವು. ಯಜಮಾನ ಯಾರ ಕಡೆಗೂ ನೋಡದೆ ಹೋಗಿ ಕಟ್ಟೆಯ ಮೇಲೆ ಕೂತ. ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಒಂದೂ ತಿಳಿಯದೆ ಅತ್ತಿತ್ತ ಸರಿದಾಡಿದ. ಹಾರೆಯ ಆಳುಗಳು ಬಾಯಿ ತೆರೆದು ನಿಂತಿದ್ದರು. ಗಾಡಿಯಲ್ಲಿ ಕೂತವರು ಅವನ ಮುಂದೆ ತಾವು ಹೋಗುವ ಜಾಗ, ಕೆಲಸ ಹೇಳಿದರು, ಅವನು ಒಬ್ಬೊಬ್ಬರ ಹತ್ತಿರಕ್ಕೂ ಕಿವಿ ತಂದು ಕೇಳಿಸಿಕೊಂಡ. ಅಷ್ಟರಲ್ಲಿ ಹಿಂದಿನ ಕಿವುಡುಗಾಡಿಯಿಂದ ಒಬ್ಬ ಹೆಂಗಸು ಇಳಿದಳು. ನಾನೂ ಕೆಳಗಿನ ಓಣಿಗೇ ಹೊಂಟೀನಿ, ಯಾತಕ್ಕ ಅಂತ ನಿನ್ನ ಕಿವಿಯೊಳಗ ಹೇಳತೀನಿ ಅಂದಳು. ಹೇಳಿದಳು. ಅದು ಏನು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗಾಲಿಗೆ ಅಷ್ಟು ಸಾಕಾಗಿತ್ತು, ಒಂದು ಕಿವಿ ಸಾಕಾಗಿತ್ತು. ಇಷ್ಟು ತಲೆಮಾರು ಅಗಸಿಯ ತುಂಬ ಕೂಗಿಸುವ ಅವಶ್ಯಕತೆಯೇ ಇರಲಿಲ್ಲ ಅಂತ ಊರಿಗೆ ಅಂದು ತಿಳಿಯಿತು.

ಆಮೇಲೆ ಇಳಿದರು ನೋಡಿ. ಜೋಳದ ಸೇರು ಹಿಡಿದವರೆಲ್ಲ ಇಳಿದು, ಹೌದೇನೋ, ನೀನೂ ಗಿರಣಿಗೇನೋ ಅಂತ ಒಬ್ಬರನ್ನೊಬ್ಬರು ನೋಡಿ ಬೆಪ್ಪಾದರು. ಒಬ್ಬನೇ ಎಲ್ಲರ ಜೋಳ ಕಟ್ಟಿಕೊಂಡು ಊರಗಾಡಿ ಹತ್ತಿದ, ಉಳಿದವರು ಮನೆಗೆ ಹೋದರು. ಹತ್ತಿದರು ಕೆಲವರು, ಹತ್ತಿದವರಿಗೆ ಕಾಸು ಕೊಟ್ಟು ನಿಂತರು ಕೆಲವರು. ಪರದೆ ಎಳೆದುಕೊಂಡು ಹೋಗಿಯೇ ತೀರುತ್ತೇವೆ ಎಂದವರೂ ಇದ್ದರು, ಹೋದರು, ಅವರನ್ನು ಯಾರೂ ತಡೆಯಲಿಲ್ಲ. ಸಂಜೆ ಕೇಳವ್ವ ತಿರುಗಿ ಬಂದಾಗ ಯಜಮಾನನ ಗಂಟಲು ಒಣಗಿ ಕಾಗೆಯ ಹಾಗಾಗಿತ್ತಂತೆ. ಏಳಪ್ಪಾ ಅಂದರೆ, ತಡಿಯಕ್ಕ, ಇನ್ನೊಂದು ಗಾಡಿ ಬರೂದೈತಿ ಅಂದನಂತೆ. ಹಾರೆಗಳನ್ನು ಮರುದಿನ ಜಗಲಿ ಕಟ್ಟುವ ಕಲ್ಲು ಎಬ್ಬಿಸಲು ಒಯ್ದರು. ಕಟ್ಟೆಯ ಮೇಲೆ ಈಗಲೂ ಆ ಊರಿನವರು ಸರದಿಯ ಮೇಲೆ ಕೂರುತ್ತಾರೆ. ತಮ್ಮ ಸರದಿ ಬಂದ ದಿನ ಹೊಸ ಬಟ್ಟೆ ಹಾಕಿಕೊಂಡು, ಎದೆ ಸೆಟೆಸಿ ಬರುತ್ತಾರೆ. ನನ್ನ ಊರಲ್ಲ ಅದು, ಆದರೂ ಹೇಳುವಾಗ ನನಗೇ ಹೆಮ್ಮೆಯಾಗುತ್ತದೆ.

ಆದರೆ ಆ ಬೆಳಿಗ್ಗೆ ಕೇಳವ್ವನಿಗೆ ಮುಂದೆ ಆಗುವುದೊಂದೂ ಗೊತ್ತಿರಲಿಲ್ಲ. ತುಂಬಿದ ಗಾಡಿಯ ಮುಂದಿನ ಹಲಗೆಯ ಮೇಲೆ ಕೂತು ಅವಳು ಜೀವಮಾನದಲ್ಲಿ ಮೊದಲ ಸಲ ಅಗಸಿಯ ಆಚೆ ನೋಡುತ್ತಿದ್ದಳು. ಹಿಂದೆ ಅಗಸಿಯಲ್ಲಿ ಒಬ್ಬೊಬ್ಬರು ಬಾಯಿ ಬಿಟ್ಟಂತೆಲ್ಲ ಮುಂದೆ ದಾರಿ ತನ್ನನ್ನು ತಾನೇ ಮಡಚಿಕೊಳ್ಳುತ್ತಿತ್ತು. ದೂರದ ಬೇವಿನ ಮರ ಹತ್ತಿರ ಬಂತು. ಗಿರಣಿ ಬಂತು, ದಾಟಿತು. ದಿಗಂತಕ್ಕೆ ಹೋಗಿದ್ದ ಹೊಳೆ ತಿರುಗಿ ತನ್ನ ಜಾಗಕ್ಕೆ ಬಂದು ಹರಿಯುತ್ತಿತ್ತು. ಗಾಡಿಕಾರ ಬಾರುಕೋಲಿನಿಂದ ತೋರಿಸಿ, ಅದೇ ಹೊಳೆ ಎಂದ. ಇಷ್ಟೇನಾ ಅಂದಳು ಕೇಳವ್ವ, ಅಂದು ಕಣ್ಣು ಒರೆಸಿಕೊಂಡಳು. ಅತ್ತೆಯ ಪಾಲಿನದನ್ನೂ ಸೇರಿಸಿ ನೋಡಿದಳು.

ಕೆಳಗಿನ ಓಣಿಯಲ್ಲಿ ಗಾಲಿಯ ಸದ್ದು ಕೇಳಿ ಬಾಗಿಲುಗಳು ತೆರೆದವು. ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಬಂದಳು. ಅಷ್ಟು ತುಂಬಿದ ಊರಗಾಡಿಯನ್ನು ಅವಳು ನೋಡಿ ಬಹಳ ಕಾಲವಾಗಿತ್ತು. ಮುಂದಿನ ಹಲಗೆಯಿಂದ ಮದುವೆಯ ಸೀರೆ ಉಟ್ಟ ತಾಯಿ ಕಾಲು ಕೆಳಗಿಟ್ಟಳು. ಮಗಳು ಹೇಗಿದ್ದೀ ಅನ್ನಲಿಲ್ಲ, ಒಳಗೆ ಬಾ ಅನ್ನಲಿಲ್ಲ. ಆ ಊರಿನಲ್ಲಿ ಹುಟ್ಟಿದವಳು, ಕೇಳವ್ವನ ಹೊಟ್ಟೆಯಲ್ಲಿ ಹುಟ್ಟಿದವಳು, ಅವಳ ಬಾಯಲ್ಲಿ ಬಂದದ್ದು ಒಂದೇ ಮಾತು.

"ಯಾರು ಕೇಳಿದ್ರವ್ವ ನಿನ್ನ?"

ಕೇಳವ್ವ ಓಣಿಯ ನಡುವೆ ನಿಂತು, ಸೆರಗು ಸರಿಮಾಡಿಕೊಂಡಳು.

"ಊರು ಕೇಳಿತವ್ವ."

ಕೂಸನ್ನು ಅವಳ ಕೈಗೆ ಕೊಟ್ಟು ಮಗಳು ಗಂಟು ತೆಗೆದುಕೊಂಡಳು. ಕಂಬಳಿ ತುಂಡು ಬಿಚ್ಚಿದಳು, ಅರಿವೆ ಬಿಚ್ಚಿದಳು, ಮೇಲಿನ ರೊಟ್ಟಿಯ ಮೇಲೆ ಅಂಗೈ ಇಟ್ಟಳು. ರೊಟ್ಟಿ ಬಿಸಿ ಇತ್ತು.